ಕೆಂಪು ಔಷಧ, ಬಿಳಿ ಸೀರೆ

ಮೂಡಲಗಿಯ ಸಂತೆಯಲ್ಲಿ ಎತ್ತಿನ ಹಗ್ಗ ಕೊಳ್ಳುತ್ತಿದ್ದ ಹೆಣ್ಣುಮಗಳು ನಾನೊಬ್ಬಳೇ ಇದ್ದೆನೇನೋ. ಹಗ್ಗದ ಅಂಗಡಿಯ ಕಾಕಾ ಪ್ರತಿ ವರ್ಷವೂ ಕೇಳುತ್ತಿದ್ದರು, ಈ ಸಲ ಎತ್ತಿಗೋ ಆಕಳಿಗೋ ಎಂದು. ಪಿಯುಸಿ ಹುಡುಗರಿಗೆ ಎಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಹಂಗಾದರೆ ಮೂಗುದಾರವನ್ನೂ ಒಯ್ಯಿರಿ ಎನ್ನುತ್ತಿದ್ದರು. ನನಗೆ ಬೇಕಾಗಿದ್ದದ್ದು ಎರಡೇ ಎಳೆ ಹೊಸೆದ ಹಗ್ಗ, ಒಂದೆಳೆ ಕೆಂಪು, ಒಂದೆಳೆ ಬಿಳಿ. ಡಿಎನ್‌ಎ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿರಲಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಜೀವಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದೆ. ಮೊದಲು ಮೂಡಲಗಿ, ಆಮೇಲೆ ಗೋಕಾಕ. ಪಾಠ ಯಾವಾಗಲೂ ಒಂದೇ. ಒಂದು ಜೀವಕೋಶ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಏನೂ ಉಳಿಯುವುದಿಲ್ಲ. ಇಬ್ಬರು ಹುಡುಗರು ಹಗ್ಗದ ಎರಡು ತುದಿ ಬಿಗಿಯಾಗಿ ಹಿಡಿಯುತ್ತಿದ್ದರು. ಮೂರನೆಯವನು ನಡುವೆ ಬೆರಳು ತೂರಿಸಿ ಕೆಂಪು ಎಳೆಯನ್ನೂ ಬಿಳಿ ಎಳೆಯನ್ನೂ ಬೇರೆ ಮಾಡುತ್ತ ಹೋಗಬೇಕು. ಅವನು ಹೆಲಿಕೇಸ್ ಎಂಬ ಕಿಣ್ವ. ಬೇರೆಯಾದ ಒಂದೊಂದು ಹಳೆಯ ಎಳೆಯನ್ನು ನೋಡಿಕೊಂಡು ಅದಕ್ಕೆ ಹೊಂದುವ ಹೊಸ ಎಳೆ ಕಟ್ಟುವವನು ಪಾಲಿಮರೇಸ್. ಒಂದು ಬದಿಯಲ್ಲಿ ಅವನು ಸರಾಗವಾಗಿ ಕಟ್ಟುತ್ತಾನೆ, ಇನ್ನೊಂದು ಬದಿಯಲ್ಲಿ ತುಂಡು ತುಂಡಾಗಿ ಕಟ್ಟಬೇಕಾಗುತ್ತದೆ. ಆ ತುಂಡುಗಳನ್ನು ಬೆಸೆಯುವವನು ಲೈಗೇಸ್.

ಹೆಲಿಕೇಸ್ ಹುಡುಗ ಸ್ವಲ್ಪ ಮುಂದೆ ಹೋಗುವುದರೊಳಗೆ ಫಜೀತಿ ಶುರುವಾಗುತ್ತಿತ್ತು. ಹಿಂದೆ ಹೊಸಿಕೆ ಬಿಚ್ಚಿದಷ್ಟೂ ಮುಂದೆ ಹಗ್ಗ ಬಿಗಿಯಾಗಿ ತಿರುಚಿಕೊಂಡು ಗಂಟು ಗಂಟಾಗುತ್ತಿತ್ತು. ಎಷ್ಟು ಜಗ್ಗಿದರೂ ಬೆರಳು ಮುಂದೆ ಸಾಗದು. ಇಡೀ ಕ್ಲಾಸು ನಗುತ್ತಿತ್ತು. ಆ ಬಿಗಿ ಕಳೆಯಲಿಕ್ಕೇ ಇನ್ನೊಂದು ಕಿಣ್ವವಿದೆ, ಟೋಪೋಐಸೋಮರೇಸ್. ಅದು ಹಗ್ಗವನ್ನು ಕೊಯ್ದು, ಸಿಕ್ಕು ಬಿಡಿಸಿ, ಕೊಯ್ದ ತುದಿಗಳನ್ನು ಮತ್ತೆ ಕೂಡಿಸುತ್ತದೆ. ಹೆಸರು ಹೇಳುವಾಗ ನಮ್ಮ ಹುಡುಗರ ನಾಲಿಗೆ ತೊಡರುತ್ತಿತ್ತು. ಒಂದು ಮಾರ್ಕಿನ ಪ್ರಶ್ನೆ, ಬಾಯಿಪಾಠ ಮಾಡಿಕೊಂಡು ಮುಂದೆ ನಡೀರಿ ಎಂದು ನಾನೂ ಹಾಳೆ ತಿರುವುತ್ತಿದ್ದೆ.

ಆ ಒಂದು ಮಾರ್ಕಿನ ಕಿಣ್ವ ಎರಡು ಸಾವಿರದ ಆಚೆಗೆ, ಒಂದು ಬೇಸಿಗೆಯಲ್ಲಿ, ನಮ್ಮ ಮನೆಗೇ ಬಂತು.

ನಮ್ಮೂರು ಹುಕ್ಕೇರಿ ತಾಲೂಕಿನಲ್ಲಿ, ಘೋಡಗೇರಿಯಿಂದ ತುಸು ಆಚೆ. ಅಪ್ಪ ಅವ್ವ ಅಲ್ಲಿಯೇ ಹೊಲ, ಎಮ್ಮೆ, ಬಸದಿ ಎಂದು ಇದ್ದವರು. ನಾನು ಗೋಕಾಕದಿಂದ ಶನಿವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದೆ. ಸಿಟ್ಟು ನನಗೆ ಅವ್ವನಿಂದಲೇ ಬಂದದ್ದು, ಆದರೆ ಅವಳ ಕೂದಲು ಮಾತ್ರ ನನಗೆ ಬರಲಿಲ್ಲ. ಐವತ್ತು ದಾಟಿದರೂ ಅವಳ ಜಡೆ ಸೊಂಟದ ಕೆಳಗೆ ಇಳಿಯುತ್ತಿತ್ತು. ಎದೆಯಲ್ಲಿ ಗಂಟು ಇದೆ ಎಂದು ಗೊತ್ತಾದಾಗ, ಬೆಳಗಾವಿಯಲ್ಲಿ ಆಪರೇಶನ್ ಆದಾಗ, ಅವಳು ಹೆದರಲಿಲ್ಲ. ಕೊಯ್ದು ಒಗೆದರಲ್ಲ, ಮುಗಿಯಿತು ಎಂದಳು. ಡಾಕ್ಟರು ಮುಗಿದಿಲ್ಲ ಎಂದರು. ಗಂಟು ಹೋದರೂ ಕಣ್ಣಿಗೆ ಕಾಣದ ಜೀವಕೋಶಗಳು ಅಲ್ಲಲ್ಲಿ ಉಳಿದಿರಬಹುದು, ಮೂರು ವಾರಕ್ಕೊಮ್ಮೆ ಒಟ್ಟು ಆರು ಸಲ ಔಷಧ ಏರಿಸಬೇಕು, ನಡುವೆ ಬಿಟ್ಟರೆ ರೋಗ ತಿರುಗಿ ಬರುವ ಭಯವಿದೆ ಎಂದು ನನಗೂ ಅಪ್ಪನಿಗೂ ಕೂಡಿಸಿಕೊಂಡು ಹೇಳಿದರು.

ಅದರಲ್ಲಿ ಒಂದು ಔಷಧ ಶರಬತ್ತಿನ ಹಾಗೆ ಕೆಂಪಗಿತ್ತು. ಮೊದಲ ದಿನ ಅವ್ವ ಅದು ತನ್ನ ಕೈಯೊಳಗೆ ಇಳಿಯುವುದನ್ನೇ ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ಮೂತ್ರವೂ ಕೆಂಪಗೆ ಹೋಯಿತೆಂದು ಗಾಬರಿಯಾಗಿ ನನ್ನನ್ನು ಕರೆದಳು. ಔಷಧದ್ದೇ ಬಣ್ಣ ಎಂದು ಸಮಾಧಾನ ಮಾಡಿದೆ. ಸಂಜೆಯಿಂದ ವಾಂತಿ. ಹೊತ್ತು ಮುಳುಗಿದ ಮೇಲೆ ನೀರು ಸಹ ಮುಟ್ಟದ ವ್ರತ ಅವಳದ್ದು, ಒಂದು ಗುಟುಕು ಕುಡಿ ಎಂದು ನಾನು ಗೋಗರೆದೆ, ಬೈದೆ. ಬಾಯಿ ಮುಕ್ಕಳಿಸಿ ಉಗಿದಳೇ ಹೊರತು ಕುಡಿಯಲಿಲ್ಲ.

ಎರಡು ದಿನ ಬಿಟ್ಟು ಸ್ವಲ್ಪ ಸುಧಾರಿಸಿಕೊಂಡು ಕೂತಾಗ ಕೇಳಿದಳು, ಆ ಔಷಧ ಒಳಗೆ ಹೋಗಿ ಏನು ಮಾಡುತ್ತದೆ ಎಂದು. ನಾನು ಮೊಸರು ಕಡೆಯುವ ಹಗ್ಗ ತಂದು ಅವಳ ಕೈಗೇ ಕೊಟ್ಟೆ. ಎರಡೆಳೆ ಬಿಡಿಸು ಎಂದೆ. ಬಿಡಿಸಿದಳು. ಮುಂದೆ ಗಂಟಾಯಿತು. ಇಲ್ಲಿ ಕೊಯ್ದು, ಸಿಕ್ಕು ಬಿಡಿಸಿ, ಮತ್ತೆ ಕೂಡಿಸುವ ಒಬ್ಬ ಆಳು ಇರುತ್ತಾನೆ, ಅವನಿಲ್ಲದೆ ಜೀವಕೋಶಕ್ಕೆ ನಕಲು ಮಾಡಲಿಕ್ಕೆ ಆಗುವುದಿಲ್ಲ, ಈ ಕೆಂಪು ಔಷಧ ಹೋಗಿ ಅವನ ಕೈ ಹಿಡಿಯುತ್ತದೆ ಎಂದೆ. ಅವ್ವ ಹಗ್ಗದ ಗಂಟನ್ನು ಹೊರಳಿಸಿ ಹೊರಳಿಸಿ ನೋಡಿದಳು.

"ಅಂದ್ರ ಕೊಯ್ಯಾಕ ಬಿಡತೈತಿ, ಕೂಡಸಾಕ ಬಿಡೂದಿಲ್ಲ," ಎಂದಳು.

ನಮ್ಮ ಹುಡುಗರಲ್ಲಿ ಯಾರೂ ಇಷ್ಟು ಚೊಕ್ಕವಾಗಿ ಉತ್ತರ ಬರೆದಿರಲಿಲ್ಲ. ಹೌದು, ತುಂಡಾದ ಹಗ್ಗ ಹಾಗೇ ಉಳಿಯುತ್ತದೆ, ಆ ಜೀವಕೋಶ ಸಾಯುತ್ತದೆ ಎಂದೆ. ಕೆಟ್ಟ ಐತಿ ಬಿಡು ನಿನ್ನ ಔಷಧ ಎಂದು ಹಗ್ಗ ನನ್ನ ಮಡಿಲಿಗೆ ಎಸೆದಳು.

ಎರಡನೆಯ ಸಲದ ಹೊತ್ತಿಗೆ ಕೂದಲು ಉದುರತೊಡಗಿತು. ದಿಂಬಿನ ಮೇಲೆ, ಸೆರಗಿನ ಮೇಲೆ, ಸ್ನಾನದ ನೀರು ಹೋಗುವ ತೂತಿನಲ್ಲಿ. ಡಾಕ್ಟರು ಮೊದಲೇ ಹೇಳಿದ್ದರು, ನಾನೂ ಹೇಳಿದ್ದೆ. ಆದರೂ ಬಾಚಣಿಗೆ ಹಾಕಿದಾಗ ಹಿಡಿ ಹಿಡಿಯಾಗಿ ಬಂದುಬಿಟ್ಟಿತು. ತನ್ನ ಕೂದಲು ಆ ಔಷಧಕ್ಕೇನು ಮಾಡಿತ್ತು ಎಂದು ಅವ್ವ ಕೇಳಿದಳು. ಔಷಧಕ್ಕೆ ತನ್ನವರು ಪರರು ಗೊತ್ತಾಗುವುದಿಲ್ಲ, ಎಲ್ಲಿ ನಕಲು ಜೋರಾಗಿ ನಡೆದಿದೆಯೋ ಅಲ್ಲಿಗೆ ಹೋಗಿ ಹೊಡೆಯುತ್ತದೆ, ಕೂದಲಿನ ಬೇರಿನಲ್ಲಿ, ಬಾಯಲ್ಲಿ, ಕರುಳಿನಲ್ಲಿ ಹಗಲೂ ರಾತ್ರಿ ನಕಲು ನಡೆದೇ ಇರುತ್ತದೆ ಎಂದೆ. ಔಷಧ ಮುಗಿದ ಮೇಲೆ ತಿರುಗಿ ಬರುತ್ತವೆ ಎಂದೂ ಸೇರಿಸಿದೆ.

"ಬೇರಿಗೇ ಹೊಡದ ಮ್ಯಾಲ ಹೆಂಗ ಬರತಾವ? ನೀ ಯಾರರ ತಲಿ ಮ್ಯಾಲ ಬಂದದ್ದ ನೋಡಿಯೇನ?"

ನೋಡಿರಲಿಲ್ಲ. ಪುಸ್ತಕದಲ್ಲಿ ಓದಿದ್ದೆ. ಆ ರೋಗದ ಹೆಸರನ್ನು ಬಾಯಿ ಬಿಟ್ಟು ಹೇಳುವವರೇ ಆಗ ನಮ್ಮ ಕಡೆ ಇರಲಿಲ್ಲ, ಇನ್ನು ತಲೆ ತೋರಿಸುವವರು ಎಲ್ಲಿಂದ ಬರಬೇಕು. ಡಾಕ್ಟರ ಮಾತು ನಂಬು ಎಂದೆ. ಡಾಕ್ಟರ ಹೆಂಡತಿಯ ಜಡೆ ನೆಟ್ಟಗಿದೆ ಎಂದಳು.

ಮೂರನೆಯ ಸಲಕ್ಕೆ ಬರುವುದಿಲ್ಲ ಎಂದು ಕೂತಳು. ಸೋಮವಾರ ಬೆಳಗಾವಿಗೆ ಹೋಗಬೇಕಿತ್ತು, ಇವಳು ಶುಕ್ರವಾರವೇ ಅಪ್ಪನಿಗೆ ಹೇಳಿಬಿಟ್ಟಿದ್ದಳು, ಮುತ್ತೈದೆಯಾಗಿ ಇದ್ದು ಬೋಳು ತಲೆಯಲ್ಲಿ ಬದುಕುವುದು ನನ್ನಿಂದ ಆಗದು, ಬಂದಷ್ಟು ದಿನ ಬರಲಿ ಎಂದು. ಶನಿವಾರ ಬಂದು ಇದನ್ನು ಕೇಳಿ ನನ್ನ ತಲೆ ಕೆಟ್ಟುಹೋಯಿತು. ಕೂದಲು ದೊಡ್ಡದೋ ಜೀವ ದೊಡ್ಡದೋ ಎಂದು ಕೂಗಾಡಿದೆ. ಅವಳು ಗೋಡೆಯ ಕಡೆ ಮುಖ ಮಾಡಿದಳು. ಬೈದು ಬೈದು ಕೊನೆಗೆ ನಾನೇ ಅತ್ತೆ. ಅವ್ವ ಇಲ್ಲದ ಆ ಮನೆಯನ್ನು ನೆನೆಸಿಕೊಳ್ಳುವುದೂ ನನಗೆ ಸಾಧ್ಯವಿರಲಿಲ್ಲ.

ಅಪ್ಪ ಮಾತಿನ ಮನುಷ್ಯ ಅಲ್ಲ. ಅವ್ವ ತನ್ನ ತಲೆ ನೋಡಿಕೊಂಡು ಅಳುತ್ತಾಳೆಂದು ಪಡಸಾಲೆಯ ಕನ್ನಡಿಯನ್ನು ಬಿಚ್ಚಿ ಅಟ್ಟಕ್ಕೆ ಹಾಕಿಬಿಟ್ಟಿದ್ದ. ಮನೆಯಲ್ಲಿ ಕನ್ನಡಿ ಇಲ್ಲದ್ದಕ್ಕೆ ದಾಡಿ ಮಾಡಿಸಲು ತಾನು ಊರ ಮುಂದಿನ ಅಂಗಡಿಗೆ ಹೋಗತೊಡಗಿದ. ಇದರಿಂದ ಇನ್ನೊಂದೂ ಆಯಿತು, ಕನ್ನಡಿ ಇಲ್ಲದ ಮನೆಯಲ್ಲಿ ಅವ್ವ ಕುಂಕುಮ ಹಚ್ಚಿಕೊಳ್ಳುವುದನ್ನೂ ಬಿಟ್ಟಳು. ಆಪರೇಶನ್ ಆದ ಕಡೆಯ ಕೈಗೆ ಬಿಗಿ ಆಗಬಾರದೆಂದು ಬಳೆ ತೆಗೆಸಿದ್ದರು, ಔಷಧ ಏರಿಸುವ ಕೈಯ ಬಳೆಯನ್ನೂ ದವಾಖಾನೆಯಲ್ಲಿ ತೆಗೆಸಿದ್ದರು. ಅಂಚಿನ ಸೀರೆಯ ಸೆರಗು ಬರಿ ತಲೆಗೆ ಚುಚ್ಚುತ್ತದೆಂದು ನಾನೇ ಗೋಕಾಕದ ಪೇಟೆಯಿಂದ ಮೆತ್ತನೆಯ ಬಿಳಿ ಸೀರೆ ತಂದುಕೊಟ್ಟಿದ್ದೆ. ಎಲ್ಲವೂ ಅವಳಿಗೆ ನೋವಾಗಬಾರದೆಂದೇ ಮಾಡಿದ್ದು. ಒಟ್ಟಿಗೆ ಸೇರಿ ಏನಾಗಿ ಕಾಣುತ್ತದೆ ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅದು ಚಾತುರ್ಮಾಸದ ಕಾಲ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಜೈನ ಸನ್ಯಾಸಿಗಳು ಊರೂರು ತಿರುಗದೆ ಒಂದೇ ಕಡೆ ನಿಲ್ಲುತ್ತಾರೆ, ಮುಗಿದ ಮೇಲೆ ಮುಂದಿನ ಊರಿಗೆ ನಡೆದು ಹೋಗುತ್ತಾರೆ. ಆ ಹೋಗುವಿಕೆಗೆ ವಿಹಾರ ಎನ್ನುತ್ತೇವೆ. ಆ ವರ್ಷ ನಮ್ಮೂರ ಬಸದಿಯಲ್ಲಿ ಒಬ್ಬ ಮಾತಾಜಿ ನಿಂತಿದ್ದರು. ಬಿಳಿ ಸೀರೆ, ಬರಿಗೈ, ಬೋಳು ತಲೆ. ಅವರು ತಲೆಗೆ ಕತ್ತಿ ಕತ್ತರಿ ಮುಟ್ಟಿಸುವುದಿಲ್ಲ, ಕೆಲವು ತಿಂಗಳಿಗೊಮ್ಮೆ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಮಾತಾಜಿಯ ಊಟದ ಅಡುಗೆಗೆ ಮೊದಲು ಅವ್ವನೇ ಮುಂದಾಳು. ಕೂದಲು ಹೋದ ಮೇಲೆ ಬಸದಿಯ ಕಡೆ ಕಾಲಿಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಳೆ ಜಿನುಗಿ ನಿಂತಿತ್ತು. ಅವ್ವ ಪಡಸಾಲೆಯಲ್ಲಿ ಮಣೆಯ ಮೇಲೆ ಕೂತಿದ್ದಳು, ಯಾರೂ ಇಲ್ಲವೆಂದು ಸೆರಗು ಭುಜಕ್ಕೆ ಇಳಿಸಿಕೊಂಡು. ನಾನು ರಾತ್ರಿಯ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತ ಅಡುಗೆಮನೆಯಲ್ಲಿದ್ದೆ. ಹೊರಗೆ ಹೆಂಗಸರ ದನಿ ಕೇಳಿತು.

"ವಂದಾಮಿ ಮಾತಾಜಿ."

ಸಾರಿನ ಹುಟ್ಟು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದೆ. ನಾಲ್ಕೈದು ಮಂದಿ ಹೆಂಗಸರು ನೆಲಕ್ಕೆ ಹಣೆ ಹಚ್ಚಿದ್ದರು. ಅವ್ವನ ಮುಂದೆ ಅಕ್ಕಿ, ತೆಂಗಿನಕಾಯಿ. ಅಂಕಲಗಿಯಿಂದ ಮಾತಾಜಿಯ ದರ್ಶನಕ್ಕೆಂದು ಟ್ರಾಕ್ಸ್ ಗಾಡಿ ಮಾಡಿಕೊಂಡು ಬಂದವರು, ಬಸದಿ ಎಲ್ಲಿ ಎಂದು ಕೇಳಿದಾಗ ಯಾರೋ ನಮ್ಮ ಓಣಿಯತ್ತ ಕೈ ಮಾಡಿದ್ದರಂತೆ. ಬಾಗಿಲು ತೆರೆದಿದೆ, ಬಿಳಿ ಸೀರೆಯ ಬೋಳು ತಲೆಯ ಹೆಂಗಸು ಮಣೆಯ ಮೇಲೆ ಕೂತಿದ್ದಾಳೆ. ಇನ್ನೇನು ಬೇಕು. ಅವ್ವ ಕಾಲು ಸೀರೆಯೊಳಗೆ ಎಳೆದುಕೊಂಡು, ಕೈ ಎರಡೂ ಮೇಲೆತ್ತಿ ಬ್ಯಾಡ್ರಿ ಬ್ಯಾಡ್ರಿ ಎನ್ನುತ್ತಿದ್ದಳು. ಸನ್ಯಾಸಿಗೆ ಸಲ್ಲಬೇಕಾದ ನಮಸ್ಕಾರವನ್ನು ಸಂಸಾರಿ ತೆಗೆದುಕೊಂಡರೆ ದೋಷ, ಅವಳ ಜೀವ ಬಾಯಿಗೆ ಬಂದಿತ್ತು. ಅವರು ಅದನ್ನು ಮಾತಾಜಿಯ ವಿನಯ ಎಂದು ತಿಳಿದು ಇನ್ನೊಮ್ಮೆ ಅಡ್ಡಬಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಅವ್ವನೇ ಹೇಳಿದಳು.

"ನಾ ಮಾತಾಜಿ ಅಲ್ರಿ ಯವ್ವಾ. ನಮ್ಮ ಮನಿಯವರು ಹಿತ್ತಲದಾಗ ಎಮ್ಮಿ ಹಿಂಡಾಕತ್ತಾರ."

ಅಷ್ಟರಲ್ಲಿ ಹಿತ್ತಲಿನಿಂದ ಅಪ್ಪ ಎಮ್ಮೆಗೆ ಗದರಿಸಿದ್ದು ಸ್ಪಷ್ಟವಾಗಿ ಕೇಳಿತು. ಮೊದಲು ನಕ್ಕವಳು ಅವ್ವ. ಬಾಯಿಗೆ ಸೆರಗು ಒತ್ತಿಕೊಂಡು, ಹೊಲಿಗೆ ಹಾಕಿದ ಎದೆಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅವಳ ನಗು ಕೇಳಿ ಎಷ್ಟು ದಿನವಾಗಿತ್ತೋ. ಅಂಕಲಗಿಯವರೂ ನಕ್ಕರು, ಹುಟ್ಟು ಹಿಡಿದು ನಿಂತ ನಾನೂ ನಕ್ಕೆ.

ಅವರಲ್ಲಿ ಒಬ್ಬಳು ವಯಸ್ಸಾದ ಅಜ್ಜಿ, ಮತ್ತೆ ತಲೆ ಯಾಕೆ ಹೀಗೆ ಎಂದು ಕೇಳಿದಳು. ನಾನು ಜ್ವರ ಬಂದಿತ್ತು ಎಂದು ಸುಳ್ಳು ಹೇಳಲು ತಯಾರಾಗಿದ್ದೆ. ಊರವರಿಗೆಲ್ಲ ಹಾಗೇ ಹೇಳಿದ್ದೆವು. ಅವ್ವ ಆ ಅಪರಿಚಿತರ ಮುಂದೆ ಮೊದಲ ಸಲ ನಿಜ ಹೇಳಿದಳು, ತನಗೆ ಕ್ಯಾನ್ಸರ್, ಔಷಧ ಕೂದಲು ಉದುರಿಸಿದೆ ಎಂದು. ಅಜ್ಜಿ ಹಿಂದೆ ಸರಿಯಲಿಲ್ಲ. ಅಯ್ಯೋ ಪಾಪ ಎನ್ನಲೂ ಇಲ್ಲ. ಅವ್ವನ ಬಾಜೂ ಕೂತು ಅವಳ ಬರಿಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಮುಗದ ಕೈ ಮುಗದಂಗ ಇರಲಿ ಬಿಡ್ರಿ. ನೀವೂ ಏನ ಕಡಿಮಿ ತಪ ಮಾಡಾಕತ್ತಿಲ್ಲ," ಎಂದಳು.

ಆ ಅಜ್ಜಿಯ ಹೆಸರು ನಾನು ಕೇಳಿಕೊಳ್ಳಲಿಲ್ಲ. ಇವತ್ತಿಗೂ ಅವಳನ್ನು ನೆನೆಸಿಕೊಂಡರೆ ಕಣ್ಣು ತುಂಬುತ್ತದೆ.

ಆದರೆ ಅವ್ವನಿಗೆ ಕಾಯಿಯದ್ದೇ ಚಿಂತೆ. ಅದು ಮಾತಾಜಿಗೆಂದು ತಂದದ್ದು, ತನ್ನ ಮುಂದೆ ಇಟ್ಟಾಗಿದೆ, ತಾನೇ ಮುಟ್ಟಿಸಿ ಬಂದರೆ ಮಾತ್ರ ದೋಷ ಕಳೆಯುತ್ತದೆ ಎಂದಳು. ನಾನು ಒಯ್ಯುತ್ತೇನೆ ಎಂದರೆ ಕೇಳಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಕಾಯಿ ಎದೆಗೆ ಹಿಡಿದುಕೊಂಡು ಅಂಕಲಗಿಯವರ ಮುಂದೆ ದಾರಿ ತೋರಿಸುತ್ತ ನಡೆದಳು. ಅಷ್ಟು ದಿನ ಹೊಸ್ತಿಲು ದಾಟದವಳು ಓಣಿಯ ಕೆಸರಿನಲ್ಲಿ ಸರಸರ ಹೋಗುವುದನ್ನು ನೋಡಿ, ಹಾಲಿನ ಚರಿಗೆ ಹಿಡಿದು ಬಂದ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟ.

ಬಸದಿಯಲ್ಲಿ ಅವ್ವ ಕಾಯಿ ಇಟ್ಟು ಬಾಗಿದಾಗ ಸೆರಗು ಜಾರಿತು. ಮಾತಾಜಿ ನೋಡಿದರು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ ಎಂದು ಮಾತ್ರ ವಿಚಾರಿಸಿದರು. ಅವ್ವನ ಕಣ್ಣು ಮಾತಾಜಿಯ ತಲೆಯ ಮೇಲಿತ್ತು. ಮತ್ತೆ ಕೀಳುವ ದಿನ ಹತ್ತಿರ ಬಂದಿತ್ತು ಅನಿಸುತ್ತದೆ, ತಲೆ ತುಂಬ ಬೆರಳಗಲ ಕೂದಲು ಒತ್ತಾಗಿ ಎದ್ದಿತ್ತು.

ತಿರುಗಿ ಬರುವಾಗ ಓಣಿಯ ನಡುವೆ ನಿಂತಳು. ಮಳೆಗಾಲ ಹತ್ತುವ ಮೊದಲು, ಮಾತಾಜಿ ನಮ್ಮೂರಿಗೆ ಬಂದ ಹೊಸದರಲ್ಲಿ, ಕೂದಲು ಕಿತ್ತುಕೊಂಡ ದಿನ ಅವ್ವ ಆಪರೇಶನ್ನಿನ ಹೊಲಿಗೆ ಇಟ್ಟುಕೊಂಡೇ ಬಸದಿಗೆ ಹೋಗಿದ್ದಳು, ಕಿತ್ತ ಕೂದಲನ್ನು ಬಟ್ಟೆಯಲ್ಲಿ ಹಿಡಿಯುವ ಸೇವೆಗೆ.

"ಬೇರ ಸಮೇತ ಬಂದಿದ್ದುವು. ನನ್ನ ಕೈಯಾಗ ಹಿಡದೇನಿ. ಒಂದೊಂದರ ತುದಿಗೂ ಬೆಳ್ಳನ ಬೇರಿತ್ತು. ಈಗ ನೋಡು, ಮತ್ತ ಬಂದಾವು." ಮತ್ತೆ ನಡೆಯುತ್ತ ಕೇಳಿದಳು, "ನಾಳೆ ಬೆಳಗಾವಿ ಬಸ್ಸ ಎಷ್ಟಕ್ಕ ಐತಿ?"

ಕೈಯಿಂದ ಕಿತ್ತದ್ದಕ್ಕೂ ಔಷಧದಿಂದ ಉದುರಿದ್ದಕ್ಕೂ ಬಹಳ ವ್ಯತ್ಯಾಸವಿದೆ, ಎರಡೂ ಒಂದೇ ಅಲ್ಲ ಎಂದು ನನ್ನೊಳಗಿನ ಮಾಸ್ತರಬಾಯಿ ಆಗಲೇ ಎದ್ದು ನಿಂತಿದ್ದಳು. ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡೆ. ಏಳಕ್ಕೆ ಎಂದೆ. ಆಮೇಲೆ ಯೋಚಿಸಿದಾಗ ವ್ಯತ್ಯಾಸ ನಾನು ಅಂದುಕೊಂಡಷ್ಟು ಇರಲಿಲ್ಲ. ಕೂದಲಿನ ಬುಡದಲ್ಲಿ, ಕಿತ್ತ ಬೇರಿಗಿಂತ ಬೇರೆಯಾಗಿ, ಕೆಲವು ಜೀವಕೋಶಗಳು ನಕಲು ಮಾಡದೆ ಸುಮ್ಮನೆ ಮಲಗಿರುತ್ತವೆ. ಕಿತ್ತರೆ ಅವು ಕೈಗೆ ಬರುವುದಿಲ್ಲ. ಹಗ್ಗ ಬಿಚ್ಚದೆ ಮಲಗಿದ್ದರಿಂದ ಔಷಧದ ಹೊಡೆತವೂ ಅವಕ್ಕೆ ಅಷ್ಟಾಗಿ ತಾಗುವುದಿಲ್ಲ. ಹೊತ್ತು ಬಂದಾಗ ಎದ್ದು, ಎಳೆ ಬಿಚ್ಚಿ, ಮತ್ತೆ ನಕಲು ಶುರು ಮಾಡುತ್ತವೆ. ಮಾತಾಜಿಯ ತಲೆಯಲ್ಲಿ ಆದದ್ದೂ ಅದೇ, ಅವ್ವನ ತಲೆಯಲ್ಲಿ ಆಗಬೇಕಾದದ್ದೂ ಅದೇ. ನಾನು ಓದಿ ನಂಬಿದ್ದನ್ನು ಅವಳು ನೋಡಿ ನಂಬಿದಳು.

ಉಳಿದ ನಾಲ್ಕೂ ಸಲ ಅವ್ವ ತಾನಾಗಿಯೇ ಬಸ್ಸು ಹತ್ತಿದಳು. ಸುಲಭವಿರಲಿಲ್ಲ, ಬಾಯಿ ಹುಣ್ಣಾಯಿತು, ಉಗುರು ಕಪ್ಪಾದವು, ಕೊನೆಯ ಸಲ ಮೂರು ದಿನ ಎದ್ದು ಕೂರಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಶನಿವಾರ ನಾನು ಊರಿಗೆ ಬಂದಾಗ ಪಡಸಾಲೆಯಲ್ಲಿ ಕನ್ನಡಿ ಮತ್ತೆ ಮೊಳೆಗೆ ಬಂದಿತ್ತು. ಅಪ್ಪ ಅದರ ಮುಂದೆ ದಾಡಿ ಮಾಡಿಕೊಳ್ಳುತ್ತಿದ್ದ. ಅವ್ವನ ಕಡೆ ಕಣ್ಣು ಮಾಡಿದ. ಅವಳ ತಲೆಯ ಮೇಲೆ ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ನವಿರು ಬಂದಿತ್ತು. ನಾನು ಚೀಲವನ್ನೂ ಇಳಿಸದೆ ಅದನ್ನು ಮುಟ್ಟಿ ನೋಡಿದೆ.

ಆ ವರ್ಷದಿಂದ ನನ್ನ ಪಾಠದಲ್ಲಿ ಒಂದು ಮಾರ್ಕಿನ ಕಿಣ್ವಕ್ಕೆ ಅರ್ಧ ಪೀರಿಯಡ್ಡು ಹೋಗುತ್ತಿತ್ತು. ಹಗ್ಗ ಗಂಟಾದಾಗ ಹುಡುಗರು ನಕ್ಕರೆ ನಾನೂ ನಗುತ್ತಿದ್ದೆ, ಆದರೆ ಹಾಳೆ ತಿರುವುತ್ತಿರಲಿಲ್ಲ. ನಮ್ಮೆಲ್ಲರ ಮೈಯಲ್ಲಿ ಈ ಕ್ಷಣಕ್ಕೂ ಕೊಯ್ದು, ಬಿಡಿಸಿ, ಕೂಡಿಸುತ್ತಿರುವ ಆ ಆಳಿಗೆ ಒಂದು ಮಾತು ಸಲ್ಲಬೇಕು ಎನಿಸುತ್ತಿತ್ತು. ಅವನ ಕೈ ಹಿಡಿದ ಕೆಂಪು ಔಷಧಕ್ಕೂ ಸಲ್ಲಬೇಕು, ಅದು ಸಮಯಕ್ಕೆ ಆ ಕೈ ಬಿಟ್ಟದ್ದಕ್ಕೂ ಸಲ್ಲಬೇಕು.

ಮುಂದಿನ ಮಳೆಗಾಲದಲ್ಲಿ ನಮ್ಮೂರ ಬಸದಿಯಲ್ಲಿ ಯಾರೂ ಚಾತುರ್ಮಾಸಕ್ಕೆ ನಿಂತಿರಲಿಲ್ಲ. ಆದರೂ ಒಂದು ಭಾನುವಾರ ಅಂಕಲಗಿಯ ಅಜ್ಜಿ ಒಬ್ಬಳೇ ಬಂದಳು. ಬಾಗಿಲಲ್ಲಿ ನಿಂತು ಒಳಗೆ ಹುಡುಕಿದಳು. ಹಸಿರು ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು, ಬಲಗೈ ತುಂಬ ಬಳೆ ತೊಟ್ಟು ಕೂತಿದ್ದ ಅವ್ವನ ಗುರುತು ಅವಳಿಗೆ ಹತ್ತಲಿಲ್ಲ. ಮೊದಲಿದ್ದ ನೇರ ಕೂದಲಿನ ಬದಲು ಅವ್ವನಿಗೆ ಗುಂಗುರು ಕೂದಲು ಬಂದು ಕಿವಿ ಮುಚ್ಚಿತ್ತು. ಹೋದ ವರ್ಷ ಇಲ್ಲಿ ಬಿಳಿ ಸೀರೆಯಲ್ಲಿ ಒಬ್ಬ ತಾಯಿ ಕೂತಿದ್ದರಲ್ಲ ಎಂದು ಶುರು ಮಾಡಿದ ಅಜ್ಜಿಗೆ ಮುಂದೆ ಕೇಳುವ ಧೈರ್ಯವಾಗಲಿಲ್ಲ. ಬದುಕಿದ್ದಾರೋ ಇಲ್ಲವೋ ಎಂದು ಯಾರನ್ನು ಹೇಗೆ ಕೇಳುವುದು.

ಅವ್ವ ಮುಖ ಗಂಭೀರ ಮಾಡಿಕೊಂಡಳು.

"ಅವರು ವಿಹಾರ ಮಾಡಿದ್ರರಿ. ಇನ್ನ ಈ ಮನಿಗೆ ಬರೂದಿಲ್ಲ."

ಅಜ್ಜಿಯ ಕಣ್ಣು ತುಂಬಿತು. ಅದನ್ನು ನೋಡಿ ಅವ್ವನಿಗೆ ತಡೆಯಲಾಗಲಿಲ್ಲ, ಎದ್ದು ಹೋಗಿ ಆ ಮುದಿ ಕೈಯನ್ನು ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಅಜ್ಜಿ ಮೊದಲು ತಲೆಯನ್ನು ನೋಡಿದಳು, ಆಮೇಲೆ ಮುಖವನ್ನು ನೋಡಿದಳು. ಅವಳ ಬೆರಳುಗಳು ಗುಂಗುರಿನಲ್ಲಿ ಸಿಕ್ಕಿಕೊಂಡವು. ಬಿಡಿಸಿಕೊಳ್ಳುವ ಅವಸರ ಇಬ್ಬರಿಗೂ ಇರಲಿಲ್ಲ.